ಅಸಿದ್ಧ ವ್ಯವಹಾರ: ಶೂದ್ರಕನ ನ್ಯಾಯಸಭೆಯೂ ದುರ್ಗಸಿಂಹನ ವಟವೃಕ್ಷವೂ

ಮೃಚ್ಛಕಟಿಕ ಪ್ರಕರಣದ ಒಂಬತ್ತನೆಯ ಅಂಕಕ್ಕೆ ‘ವ್ಯವಹಾರ’ವೆಂದು ಹೆಸರು. ಇಲ್ಲಿ ವ್ಯವಹಾರವೆಂದರೆ ಕೊಳುಕೊಡೆಯಲ್ಲ. ವಾದಿ ಪ್ರತಿವಾದಿಗಳ ವಿವಾದವನ್ನು ಸಭೆಯು ಕೇಳಿ, ಪ್ರಮಾಣಗಳನ್ನು ಪರೀಕ್ಷಿಸಿ, ನಿರ್ಣಯಿಸುವ ಕ್ರಮಕ್ಕೆ ಧರ್ಮಶಾಸ್ತ್ರಕಾರರು ಆ ಹೆಸರನ್ನು ಕೊಟ್ಟಿದ್ದಾರೆ. ಈ ಅಂಕದಲ್ಲಿ ಚಾರುದತ್ತನು ವಸಂತಸೇನೆಯನ್ನು ಕೊಂದನೆಂಬ ಅಪವಾದಕ್ಕೆ ಗುರಿಯಾಗಿ ಮರಣದಂಡನೆಯನ್ನು ಹೊಂದುತ್ತಾನೆ. ಸತ್ತಳೆನ್ನಲಾದ ವಸಂತಸೇನೆಯಾದರೋ ಬದುಕಿಯೇ ಇದ್ದಾಳೆ. ಇದನ್ನು ಓದಿದವರು ಸಾಮಾನ್ಯವಾಗಿ ಆಡುವ ಮಾತು ಒಂದುಂಟು. ನ್ಯಾಯಾಧಿಕಾರಿಯು ಸಜ್ಜನನು, ಶಕಾರನು ದುರ್ಜನನು, ಸಾಕ್ಷ್ಯಗಳೆಲ್ಲವೂ ವಿಧಿವಶದಿಂದ ಚಾರುದತ್ತನಿಗೆ ಪ್ರತಿಕೂಲವಾಗಿ ಕೂಡಿಬಂದುವು, ಆದುದರಿಂದ ತೀರ್ಪು ತಪ್ಪಾಯಿತು ಎಂದು. ಈ ಮಾತು ಸುಳ್ಳಲ್ಲ, ಆದರೆ ಸಾಲದು. ಅಲ್ಲಿ ತಪ್ಪಾದುದು ತೀರ್ಪೋ, ಅಥವಾ ತೀರ್ಪಿಗೆ ಮೊದಲೇ ವಿಚಾರಣೆಯೋ ಎಂಬ ಪ್ರಶ್ನೆಯನ್ನು ಕೇಳಿದ ಹೊರತು ಶೂದ್ರಕನ ಕೈವಾಡವು ಪೂರ್ಣವಾಗಿ ಕಾಣಿಸಿಕೊಳ್ಳದು.

ಈ ಎರಡು ದೋಷಗಳಿಗೂ ಇರುವ ಅಂತರವು ದೊಡ್ಡದು. ಸಭೆಯು ಕ್ರಮವಾಗಿ ಕುಳಿತು, ಭಯ ಪಕ್ಷಪಾತಗಳಿಲ್ಲದೆ ಇಬ್ಬರ ಮಾತನ್ನೂ ಕೇಳಿ, ಬುದ್ಧಿಯ ಮಿತಿಯಿಂದ ತಪ್ಪಾಗಿ ನಿರ್ಣಯಿಸಿದರೆ ಅದು ದುಷ್ಟವಾದ ತೀರ್ಪು. ವಿಚಾರಣೆಯೇನೋ ನಡೆದಿದೆ, ಫಲವು ಮಾತ್ರ ಕೆಟ್ಟಿದೆ. ಸಭೆಯೇ ಸಭೆಯಾಗಿ ಉಳಿಯದಿದ್ದರೆ, ಅಂದರೆ ಕೇಳುವವನು ಬೆದರಿದ್ದರೆ, ಸಾಕ್ಷಿಯನ್ನು ಕಟ್ಟಿಹಾಕಿದ್ದರೆ, ಬರೆದುದನ್ನು ಅಳಿಸಿದ್ದರೆ, ಆಗ ವಿಚಾರಣೆಯೇ ನಡೆದಿಲ್ಲ. ಅದರಿಂದ ಹುಟ್ಟಿದ ತೀರ್ಪು ಅಕಸ್ಮಾತ್ತಾಗಿ ಸರಿಯಾಗಿದ್ದರೂ ತೀರ್ಪೆನಿಸಿಕೊಳ್ಳದು. ಇಂಗ್ಲಿಷ್ ನ್ಯಾಯಪದ್ಧತಿಯನ್ನು ಅನುಸರಿಸುವ ದೇಶಗಳಲ್ಲಿ ಇದಕ್ಕೆ ‘ಮಿಸ್‌ಟ್ರಯಲ್’ ಎಂದು ಹೆಸರು. ಪಂಚರಲ್ಲಿ ಒಬ್ಬನಿಗೆ ಯಾರೋ ಆಮಿಷವೊಡ್ಡಿದರೆಂದು ತಿಳಿದುಬಂದರೆ, ಅಥವಾ ಪಂಚರು ಎಷ್ಟು ಹೊತ್ತು ಕುಳಿತರೂ ಒಮ್ಮತಕ್ಕೆ ಬರದೆ ಹೋದರೆ, ನ್ಯಾಯಾಧೀಶನು ಪಂಚಾಯಿತಿಯನ್ನು ವಿಸರ್ಜಿಸಿ, ನಡೆದುದನ್ನು ನಡೆಯದುದೆಂದು ಸಾರುತ್ತಾನೆ. ಆಪಾದಿತನು ಆಗ ಅಪರಾಧಿಯೂ ಅಲ್ಲ, ನಿರ್ದೋಷಿಯೂ ಅಲ್ಲ. ಆಪಾದನೆಯೊಡನೆ ಮೊದಲು ನಿಂತಿದ್ದ ಸ್ಥಳದಲ್ಲಿಯೇ ಪುನಃ ನಿಲ್ಲುತ್ತಾನೆ. ಬೇರೆ ಪಂಚರ ಮುಂದೆ ಎಲ್ಲವೂ ಆದಿಯಿಂದ ಆರಂಭವಾಗಬೇಕು.

ಈ ಭಾವನೆಯು ನಮ್ಮ ದೇಶಕ್ಕೆ ಹೊಸತಲ್ಲ. ಬಲಾತ್ಕಾರದಿಂದಲೂ ಕಪಟದಿಂದಲೂ ನಡೆದ ವ್ಯವಹಾರಗಳನ್ನು, ರಾತ್ರಿಯಲ್ಲಿ ನಡೆದುದನ್ನು, ಮನೆಯೊಳಗೆ ಗುಟ್ಟಾಗಿ ನಡೆದುದನ್ನು, ಶತ್ರುಗಳು ನಡಸಿದುದನ್ನು ಹಿಂದಿರುಗಿಸಬೇಕೆಂದು ಯಾಜ್ಞವಲ್ಕ್ಯನು ವ್ಯವಹಾರಾಧ್ಯಾಯದಲ್ಲಿ ವಿಧಿಸಿದ್ದಾನೆ. ಮತ್ತನು, ಉನ್ಮತ್ತನು, ರೋಗಪೀಡಿತನು, ಬಾಲನು, ಹೆದರಿದವನು ಹೂಡಿದ ವ್ಯವಹಾರವು ‘ಸಿದ್ಧಿಸದು’ ಎಂಬುದು ಅವನು ಬಳಸಿರುವ ಕ್ರಿಯಾಪದದ ಅರ್ಥ. ಅದು ತಪ್ಪೆಂದಾಗಲಿ ಪಾಪವೆಂದಾಗಲಿ ಅವನು ಹೇಳಲಿಲ್ಲ. ಅದು ಸಿದ್ಧವೇ ಆಗಲಿಲ್ಲವೆಂದನು. ಮನುವಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೂಟಸಾಕ್ಷ್ಯವು ನುಡಿಯಲ್ಪಟ್ಟ ವಿವಾದದಲ್ಲಿ ಮಾಡಿ ಮುಗಿದುದೂ ಮಾಡದುದಾಗುತ್ತದೆ ಎಂದಿದ್ದಾನೆ. ಮಿಸ್‌ಟ್ರಯಲ್ ಎಂಬುದನ್ನು ಕನ್ನಡದಲ್ಲಿ ‘ತಪ್ಪು ವಿಚಾರಣೆ’ ಎಂದರೆ ಅದು ತೀರ್ಪಿನ ತಪ್ಪಿನೊಡನೆ ಬೆರೆತುಹೋಗುತ್ತದೆ. ‘ಅಸಿದ್ಧ ವ್ಯವಹಾರ’ ಅಥವಾ ‘ಅಸಿದ್ಧ ವಿಚಾರಣೆ’ ಎಂದರೆ ಸ್ಮೃತಿಕಾರನ ಕ್ರಿಯಾಪದವೂ ಉಳಿಯುತ್ತದೆ, ಅರ್ಥವೂ ತಪ್ಪುವುದಿಲ್ಲ.

ಈ ಯಾಜ್ಞವಲ್ಕ್ಯಸ್ಮೃತಿಗೆ ಭಾರತದ ಬಹುಭಾಗದಲ್ಲಿ ಪ್ರಮಾಣವೆನಿಸಿದ ಮಿತಾಕ್ಷರವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು ಎಂಬುದನ್ನು ಕನ್ನಡಿಗರು ಮರೆಯಲಾಗದು. ಸ್ಮೃತಿಯು ವ್ಯವಹಾರವನ್ನು ನಾಲ್ಕು ಪಾದಗಳಾಗಿ ವಿಂಗಡಿಸುತ್ತದೆ. ವಾದಿಯ ಭಾಷೆ, ಪ್ರತಿವಾದಿಯ ಉತ್ತರ, ಪ್ರಮಾಣಗಳನ್ನು ಮುಂದಿಡುವ ಕ್ರಿಯೆ, ಕಡೆಗೆ ಸಾಧ್ಯಸಿದ್ಧಿ. ಈ ನಾಲ್ಕು ಕಾಲುಗಳಲ್ಲಿ ಯಾವುದು ಮುರಿದರೂ ವ್ಯವಹಾರವು ನಿಲ್ಲಲಾರದು. ಈ ಅಳತೆಗೋಲನ್ನು ಹಿಡಿದು ಶೂದ್ರಕನ ಅಂಕವನ್ನು ನೋಡಬೇಕು.

ಅಂಕದ ಆರಂಭದಲ್ಲಿ ಅಧಿಕರಣಿಕನು ಶ್ರೇಷ್ಠಿ ಕಾಯಸ್ಥರೊಡನೆ ಬಂದು ಕುಳಿತು, ನ್ಯಾಯಾಧಿಕಾರಿಯ ಕಷ್ಟವನ್ನೂ ಅವನಲ್ಲಿರಬೇಕಾದ ಗುಣಗಳನ್ನೂ ವರ್ಣಿಸುತ್ತಾನೆ. ಶಾಸ್ತ್ರಜ್ಞಾನ, ಕಪಟವನ್ನು ಕಂಡುಹಿಡಿಯುವ ಕೌಶಲ, ಕೋಪವಿಲ್ಲದಿರುವುದು, ಮಿತ್ರ ಶತ್ರು ಬಂಧುಗಳಲ್ಲಿ ಸಮಭಾವ ಎಂದು ಎಣಿಸುತ್ತ ಹೋಗಿ, ಕಟ್ಟಕಡೆಗೆ ರಾಜನ ಕೋಪವನ್ನು ಪರಿಹರಿಸಬಲ್ಲವನಾಗಿರಬೇಕು ಎನ್ನುತ್ತಾನೆ. ಸಾಮಾನ್ಯವಾಗಿ ಓದುಗರು ಇದನ್ನು ಸುಭಾಷಿತವೆಂದು ಮೆಚ್ಚಿ ಮುಂದೆ ಸಾಗುವರು. ಕವಿಯು ಆ ಪಟ್ಟಿಯ ಕೊನೆಯಲ್ಲಿ ಆ ಗುಣವನ್ನಿರಿಸಿದುದು ಏತಕ್ಕೆಂಬುದು ಕ್ಷಣಮಾತ್ರದಲ್ಲಿಯೇ ಗೊತ್ತಾಗುತ್ತದೆ.

ಅಂದಿನ ಮೊದಲನೆಯ ವಾದಿಯಾಗಿ ಬಂದವನು ಶಕಾರ, ರಾಜನಾದ ಪಾಲಕನ ಭಾವಮೈದುನ. ಸೂರ್ಯೋದಯದಲ್ಲಿಯೇ ಗ್ರಹಣ ಬಂದಂತಾಯಿತೆಂದು ಅಧಿಕರಣಿಕನು ಅಂಜಿ, ಈ ದಿವಸ ನಿನ್ನ ವ್ಯವಹಾರವನ್ನು ನೋಡಲಾಗುವುದಿಲ್ಲವೆಂದು ಹೇಳಿಕಳುಹಿಸುತ್ತಾನೆ. ಶಕಾರನು ಸಿಟ್ಟಾಗಿ, ಅಕ್ಕನಿಗೂ ತಾಯಿಗೂ ಭಾವನಾದ ರಾಜನಿಗೂ ತಿಳಿಸಿ ಈ ನ್ಯಾಯಾಧಿಕಾರಿಯನ್ನು ತೆಗೆಸಿ ಬೇರೊಬ್ಬನನ್ನು ಕೂರಿಸುವೆನೆಂದು ಬೆದರಿಸುತ್ತಾನೆ. ಆ ಮೂರ್ಖನು ಏನನ್ನಾದರೂ ಮಾಡಿಯಾನು, ಕರೆ ಅವನನ್ನು, ನೋಡೋಣವೆಂದು ಅಧಿಕರಣಿಕನು ಮಾತನ್ನು ಬದಲಾಯಿಸುತ್ತಾನೆ. ಆಗ ಶಕಾರನು ತನ್ನೊಳಗೇ ಆಡಿಕೊಳ್ಳುವ ಮಾತು ಈ ಅಂಕದ ಕೀಲಿಕೈ. ಮೊದಲು ಆಗುವುದಿಲ್ಲವೆಂದರು, ಈಗ ಆಗುವುದೆನ್ನುತ್ತಾರೆ, ಹಾಗಾದರೆ ಇವರು ಹೆದರಿದ್ದಾರೆ, ಇನ್ನು ನಾನು ಏನು ಹೇಳಿದರೂ ನಂಬಿಸುವೆನು ಎಂಬುದು ಅವನ ಲೆಕ್ಕ. ನಾಟಕದಲ್ಲೆಲ್ಲ ಅಸಂಬದ್ಧ ಪ್ರಲಾಪಿಯಾದ ಶಕಾರನು ಆಡುವ ಕೆಲವೇ ತರ್ಕಬದ್ಧವಾದ ಮಾತುಗಳಲ್ಲಿ ಇದು ಒಂದು. ಸಭೆಯು ಸಭೆಯಾಗಿ ಉಳಿದಿಲ್ಲವೆಂಬುದನ್ನು ಸಭ್ಯರಿಗಿಂತ ಮುಂಚೆ ಅಪರಾಧಿಯೇ ಕಂಡುಕೊಂಡನು. ರಾಜಕೋಪವನ್ನು ಪರಿಹರಿಸಬಲ್ಲವನೇ ನ್ಯಾಯಾಧಿಕಾರಿಯೆಂದು ಈಗತಾನೆ ನುಡಿದವನು ರಾಜಕೋಪದ ಹೆಸರನ್ನು ಕೇಳಿದೊಡನೆಯೇ ಸೋತನು. ಹೆದರಿದ ವಾದಿಯ ವ್ಯವಹಾರವೇ ಸಿದ್ಧಿಸದೆಂಬಲ್ಲಿ ಹೆದರಿದ ಸಭಾಪತಿಯ ವ್ಯವಹಾರವು ಹೇಗೆ ಸಿದ್ಧಿಸೀತು? ಮುಂದೆ ಬರುವ ಸಾಕ್ಷಿಗಳೂ ಒಡವೆಗಳೂ ಬಿದ್ದುಹೋದ ಮನೆಯಲ್ಲಿ ಜೋಡಿಸಿಟ್ಟ ಪಾತ್ರೆಗಳಂತೆ.

ಮೊದಲನೆಯ ಪಾದವಾದ ಭಾಷೆಯು ಮುರಿಯುವುದೂ ಕೂಡಲೆ. ಉದ್ಯಾನದಲ್ಲಿ ಹೆಂಗಸಿನ ಹೆಣವನ್ನು ಕಂಡುದನ್ನು ಹೇಳಹೊರಟ ಶಕಾರನು, ಯಾರೂ ಕೇಳದಿರುವಾಗಲೇ, ತಾನಲ್ಲವೆಂದು ಬಾಯಿತಪ್ಪಿ ನುಡಿಯುತ್ತಾನೆ. ಕಾಯಸ್ಥನು ಅದನ್ನು ಬರೆದುಕೊಳ್ಳುತ್ತಾನೆ. ತನ್ನ ಬಾಯೇ ತನ್ನನ್ನು ಹಿಡಿದುಕೊಟ್ಟಿತೆಂದು ಅರಿತ ಶಕಾರನು ಆ ಬರಹವನ್ನು ಕಾಲಿನಿಂದ ಒರಸಿಬಿಡುತ್ತಾನೆ. ಸಭೆಯು ಸುಮ್ಮನಿರುತ್ತದೆ. ರಂಗದ ಮೇಲೆ ಇದು ನಗೆಯನ್ನು ತರುವ ಚೇಷ್ಟೆ. ವ್ಯವಹಾರದೃಷ್ಟಿಯಿಂದ ನೋಡಿದರೆ ಇಡೀ ಪ್ರಕರಣವನ್ನು ಆಗಲೇ ನಿಲ್ಲಿಸಬೇಕಾಗಿದ್ದ ಕೃತ್ಯ. ಲೇಖಕನು ಆಡಿದುದನ್ನು ಬರೆಯದೆ ಹೋದರೂ, ಆಡದುದನ್ನು ಬರೆದರೂ, ಕೆಟ್ಟದಾಗಿ ಆಡಿದುದನ್ನು ತಿದ್ದಿ ಬರೆದರೂ ಅವನಿಗೆ ದಂಡವನ್ನು ಕೌಟಿಲ್ಯನು ವಿಧಿಸಿದ್ದಾನೆ. ವಾದಿಯನ್ನು ಗದರಿಸಿ ಹೊರಗಟ್ಟುವ ಧರ್ಮಸ್ಥನಿಗೂ ದಂಡವುಂಟು. ಶತಮಾನಗಳ ಕಾಲ ಹೆಸರುಮಾತ್ರವಾಗಿ ಉಳಿದಿದ್ದ ಆ ಅರ್ಥಶಾಸ್ತ್ರದ ಓಲೆಪ್ರತಿಯು ೧೯೦೫ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, ೧೯೦೯ರಲ್ಲಿ ಅಚ್ಚಾಗಿ, ೧೯೧೫ರಲ್ಲಿ ಇಂಗ್ಲಿಷಿಗೆ ಬಂದಿತು. ಆ ಗ್ರಂಥವು ಬೆಳಕಿಗೆ ಬಂದ ಮೇಲೆ ಮೃಚ್ಛಕಟಿಕದ ಕಾಯಸ್ಥನನ್ನು ಕೇವಲ ಹಾಸ್ಯದ ಸಾಧನವೆಂದು ಓದುವುದು ಸಾಧ್ಯವಿಲ್ಲ. ಬರೆದ ಅಕ್ಷರದ ರಕ್ಷಣೆಯೇ ವ್ಯವಹಾರದ ರಕ್ಷಣೆಯೆಂಬ ಅರಿವು ಆ ಕಾಲದವರಿಗಿತ್ತು. ಅರಿವಿದ್ದೂ ಕಾಯಸ್ಥನು ಮತ್ತೆ ಬರೆಯಲಿಲ್ಲವೆಂಬುದೇ ಆ ಚೇಷ್ಟೆಯ ಹಿಂದಿರುವ ಕಹಿ.

ಮೂರನೆಯದಾದ ಕ್ರಿಯಾಪಾದದ ಗತಿಯೂ ಇದೇ. ವಸಂತಸೇನೆಯ ತಾಯಿಯನ್ನು ಕರಸಿ, ಮಗಳು ಚಾರುದತ್ತನ ಮನೆಗೆ ಹೋದಳೆಂಬುದನ್ನು ಹೇಳಿಸಿದರು. ಬೇರೊಂದು ದೂರನ್ನು ಹೊತ್ತು ಬಂದ ವೀರಕನು ವಸಂತಸೇನೆಯು ಚಾರುದತ್ತನ ಬಂಡಿಯಲ್ಲಿ ಪುಷ್ಪಕರಂಡಕ ಉದ್ಯಾನಕ್ಕೆ ಹೊರಟಿದ್ದಳೆಂದು ತಾನು ಕೇಳಿದ ಮಾತನ್ನು ಹೇಳಿದನು. ಅವನನ್ನೇ ಉದ್ಯಾನಕ್ಕೆ ಓಡಿಸಿದರು. ಮೃಗಗಳು ತಿಂದು ಉಳಿಸಿದ ಒಂದು ಹೆಂಗಸಿನ ಹೆಣವಿದೆಯೆಂದು ಅವನು ಬಂದು ತಿಳಿಸಿದನು. ಅದು ಯಾರ ಹೆಣವೆಂದು ಯಾರೂ ಕೇಳಲಿಲ್ಲ. ಆ ಬಳಿಕ, ಚಾರುದತ್ತನ ಮಗನ ಮಣ್ಣಿನ ಬಂಡಿಯಲ್ಲಿ ವಸಂತಸೇನೆಯೇ ವಾತ್ಸಲ್ಯದಿಂದ ತುಂಬಿಕೊಟ್ಟಿದ್ದ ಒಡವೆಗಳು, ಅವನ್ನು ಹಿಂದಿರುಗಿಸಲು ಹೊರಟಿದ್ದ ಮೈತ್ರೇಯನ ಕಂಕುಳಿಂದ, ಶಕಾರನೊಡನೆ ನಡೆದ ಕಾದಾಟದಲ್ಲಿ, ಸಭೆಯ ನಡುವೆ ಉದುರಿದುವು. ಇವು ನಿನ್ನ ಮಗಳವೆಯೆ ಎಂದು ತಾಯಿಯನ್ನು ಕೇಳಿದರೆ, ಹೋಲುತ್ತವೆ, ಆದರೆ ಅವೇ ಅಲ್ಲವೆಂದು ಆ ಮುದುಕಿಯು ಚಾರುದತ್ತನನ್ನು ಉಳಿಸಲು ನೋಡುತ್ತಾಳೆ. ಎಲ್ಲವನ್ನೂ ಕಣ್ಣಾರೆ ಬಲ್ಲ ಒಬ್ಬನೇ ಒಬ್ಬ ಸಾಕ್ಷಿಯೆಂದರೆ ಶಕಾರನ ಸೇವಕನಾದ ಸ್ಥಾವರಕ. ಅವನು ಆ ಹೊತ್ತಿನಲ್ಲಿ ಒಡೆಯನ ಮಹಡಿಯ ಮೇಲೆ ಸಂಕೋಲೆಯಲ್ಲಿದ್ದಾನೆ. ಕೈಗೆ ಸಿಕ್ಕಿದುದೆಲ್ಲವೂ ಸಾಕ್ಷ್ಯವಾಯಿತು. ಸಾಕ್ಷಿಯಾಗಬೇಕಾದವನು ಮಾತ್ರ ಸಭೆಗೆ ಬರಲಿಲ್ಲ. ಮಾನುಷಪ್ರಮಾಣವು ಸಾಲದೆ ಹೋದರೆ ದಿವ್ಯಪ್ರಮಾಣಕ್ಕೆ ಹೋಗಬೇಕೆಂಬ ವಿಧಿಯಂತೆ, ವಿಷ ಜಲ ತುಲೆ ಅಗ್ನಿಗಳಿಂದ ತನ್ನನ್ನು ಪರೀಕ್ಷಿಸಬೇಕಾಗಿತ್ತೆಂದು ಚಾರುದತ್ತನು ಹೇಳುವುದು ದಂಡನೆಯು ಗೊತ್ತಾದ ಮೇಲೆ. ಆಗ ಕೇಳುವವರು ಯಾರೂ ಇಲ್ಲ.

ನಾಲ್ಕನೆಯ ಪಾದವನ್ನು ರಾಜನೇ ಮುರಿದನು. ಬ್ರಾಹ್ಮಣನಾದುದರಿಂದ ಇವನು ವಧ್ಯನಲ್ಲ, ಆಸ್ತಿಯೊಡನೆ ರಾಜ್ಯದಿಂದ ಹೊರಗೆ ಹಾಕತಕ್ಕವನು ಎಂದು ಅಧಿಕರಣಿಕನು ಮನುವನ್ನು ಆಧರಿಸಿ ಬಿನ್ನೈಸಿದನು. ಅದೇ ಒಡವೆಗಳನ್ನು ಕೊರಳಿಗೆ ಕಟ್ಟಿ ಶೂಲಕ್ಕೇರಿಸಿರೆಂದು ಪಾಲಕನು ಆಜ್ಞಾಪಿಸಿದನು. ದಂಡದಲ್ಲಿ ಜಾತಿಭೇದವನ್ನೆಣಿಸಿದ ಆ ವಿಧಿಯನ್ನು ಇಂದಿನವರು ಒಪ್ಪಲಾರರು, ಒಪ್ಪಬೇಕಾದುದೂ ಇಲ್ಲ. ಆ ಕಾಲದ ಸಭೆಯು ತನಗೆ ಪ್ರಮಾಣವೆಂದು ಒಪ್ಪಿಕೊಂಡ ಶಾಸ್ತ್ರವನ್ನೂ ರಾಜನು ಕಡೆಗಣಿಸಿದನೆಂಬುದಷ್ಟೇ ಇಲ್ಲಿಗೆ ಬೇಕಾದ ಅಂಶ.

ಇಷ್ಟಕ್ಕೆ ಒಂದು ಪ್ರಬಲವಾದ ಆಕ್ಷೇಪವುಂಟು. ದೋಷವು ಸಭೆಯದೇ ಎನ್ನುವುದು ಹೇಗೆ? ಚಾರುದತ್ತನಿಗೆ ಆಸನವನ್ನು ಕೊಟ್ಟು, ನಿಜವನ್ನು ಹೇಳೆಂದು ಮೇಲಿಂದ ಮೇಲೆ ಕೇಳಿದರಲ್ಲವೆ? ಗಣಿಕೆಯು ತನ್ನ ಮಿತ್ರಳೆಂದು ಹೇಳುವುದಕ್ಕೆ ಅವನು ನಾಚಿದನು. ಒಡವೆಗಳ ಕಥೆಯನ್ನು ಬಿಡಿಸಿ ಹೇಳಲಿಲ್ಲ. ಕಡೆಗೆ, ವಸಂತಸೇನೆಯಿಲ್ಲದ ಬಾಳು ಏಕೆಂದು ಜುಗುಪ್ಸೆಗೊಂಡು ಆಪಾದನೆಯನ್ನು ಒಪ್ಪಿಕೊಂಡವನಂತೆಯೇ ನುಡಿದನು. ನೃಪನು ಛಲವನ್ನು ತೊರೆದು ನಡೆದ ಸಂಗತಿಯನ್ನೇ ಹಿಡಿದು ನಿರ್ಣಯಿಸಬೇಕೆಂದ ಯಾಜ್ಞವಲ್ಕ್ಯನೇ, ನಿಜವಾದ ಸಂಗತಿಯಾದರೂ ಸಭೆಯಲ್ಲಿ ಮುಂದಿಡದಿದ್ದರೆ ವ್ಯವಹಾರದಲ್ಲಿ ಸೋಲುತ್ತದೆಂದೂ ಎಚ್ಚರಿಸಿದ್ದಾನೆ. ಹಾಗಿದ್ದ ಮೇಲೆ ಮೌನದಿಂದ ತನ್ನನ್ನು ತಾನೇ ಸೋಲಿಸಿಕೊಂಡವನ ಪಾಲಿಗೆ ವಿಚಾರಣೆಯು ಅಸಿದ್ಧವೆನ್ನಲಾದೀತೆ?

ಆಕ್ಷೇಪವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಶಕಾರನ ದುಷ್ಟತನ, ಅಧಿಕರಣಿಕನ ಭಯ, ಚಾರುದತ್ತನ ಸಂಕೋಚ, ಈ ಮೂರೂ ಸೇರಿದ ಹೊರತು ಆ ಶೂಲವು ಏಳುತ್ತಿರಲಿಲ್ಲವೆಂದು ತೋರಿಸಿದುದೇ ಶೂದ್ರಕನ ಹಿರಿಮೆ. ಸಜ್ಜನನ ಲಜ್ಜೆಯೂ ಅನ್ಯಾಯಕ್ಕೆ ಕೈಗೊಡಬಲ್ಲುದೆಂದು ತಿಳಿದ ಕವಿಗಳು ವಿರಳ. ಆದರೂ ಉತ್ತರವಾದಿಯ ಮೌನವನ್ನು ಅವನಿಗೆ ವಿರುದ್ಧವಾಗಿ ಎಣಿಸುವ ಅಧಿಕಾರವು ಸಿದ್ಧವಾದ ಸಭೆಗೆ ಮಾತ್ರ ಉಂಟು. ಮುಂದಿಡದ ಸತ್ಯವು ಸೋಲುವುದೆಂಬ ನಿಯಮದ ಬೆನ್ನಿಗೆ, ಮುಂದಿಟ್ಟ ಸತ್ಯವನ್ನು ಕೇಳುವ ಕಿವಿಯೊಂದು ಅಲ್ಲಿದೆಯೆಂಬ ಭರವಸೆಯಿರಬೇಕು. ವಾದಿಯು ಬರಹವನ್ನು ಕಾಲಿನಿಂದ ಒರಸಿದಾಗ ಸುಮ್ಮನಿದ್ದ ಸಭೆಯು ಪ್ರತಿವಾದಿಯ ಮೌನವನ್ನು ಮಾತ್ರ ದೋಷವೆಂದು ಎಣಿಸಿದರೆ ಅದು ತಕ್ಕಡಿಯ ಒಂದೇ ತಟ್ಟೆಗೆ ಬೊಟ್ಟು ಹಚ್ಚಿದಂತಾಯಿತು. ಆದುದರಿಂದ ಚಾರುದತ್ತನ ಮೌನವು ಅವನ ಚಾರಿತ್ರದ ದೋಷ. ವ್ಯವಹಾರದ ದೋಷವಾದರೋ ಅವನು ಸಭೆಗೆ ಕಾಲಿಡುವುದಕ್ಕೆ ಮುಂಚೆಯೇ ಆಗಿಹೋಗಿತ್ತು.

ಇದಕ್ಕೆ ಪ್ರತಿಯಾಗಿ ಕನ್ನಡದಲ್ಲಿ ಒಂದು ನ್ಯಾಯಸಭೆಯ ಚಿತ್ರವಿದೆ. ಕಿಸುಕಾಡುನಾಡಿನ ಸಯ್ಯಡಿಯವನಾದ ದುರ್ಗಸಿಂಹನು ಚಾಲುಕ್ಯರ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದು, ವಸುಭಾಗನ ಪರಂಪರೆಯನ್ನು ಅನುಸರಿಸಿ ಸುಮಾರು ೧೦೩೧ರಲ್ಲಿ ಕರ್ಣಾಟಕ ಪಂಚತಂತ್ರವನ್ನು ರಚಿಸಿದನು. ಮಿತಾಕ್ಷರವು ಹುಟ್ಟಿದುದು ಅದೇ ರಾಜವಂಶದ ಆಳಿಕೆಯಲ್ಲಿ, ಅನಂತರದ ತಲೆಮಾರುಗಳಲ್ಲಿ. ರಾಜಕಾರ್ಯದಲ್ಲಿ ಕೈಪಳಗಿದ ಈ ಕವಿಯ ವಟವೃಕ್ಷಸಾಕ್ಷಿಯ ಕಥೆಯನ್ನು ಪಾಠಶಾಲೆಗಳಲ್ಲಿ ಮಕ್ಕಳು ಓದಿ ನಕ್ಕಿದ್ದಾರೆ. ಅದು ನಗುವುದಕ್ಕೆ ಮಾತ್ರವೇ ಇರುವ ಕಥೆಯಲ್ಲ.

ದುಷ್ಟಬುದ್ಧಿ ಧರ್ಮಬುದ್ಧಿಗಳೆಂಬ ಇಬ್ಬರು ವರ್ತಕರ ಮಕ್ಕಳು ಗಳಿಸಿ ತಂದ ಹೊನ್ನನ್ನು ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿಯು ಗುಟ್ಟಾಗಿ ಅದನ್ನು ಅಗೆದೊಯ್ದು, ಧರ್ಮಬುದ್ಧಿಯೇ ಕದ್ದನೆಂದು ಧರ್ಮಾಧಿಕರಣರಲ್ಲಿ ದೂರು ಕೊಡುತ್ತಾನೆ. ಸಾಕ್ಷಿಯಾರೆಂದರೆ ಆ ಮರವೇ ಸಾಕ್ಷಿಯೆನ್ನುತ್ತಾನೆ. ಅಧಿಕಾರಿಗಳು ಬೆರಗಾಗಿ ಮರುದಿನ ಮರದ ಬಳಿಗೆ ಹೋಗಲು ಒಪ್ಪುತ್ತಾರೆ. ರಾತ್ರಿ ದುಷ್ಟಬುದ್ಧಿಯು, ಕುಲಕ್ಕೇ ಕೇಡೆಂದು ಹೇಳಿ ಒಲ್ಲೆನೆಂದ ತನ್ನ ತಂದೆ ಪ್ರೇಮಮತಿಯನ್ನು ಒತ್ತಾಯದಿಂದ ಮರದ ಪೊಟರೆಯಲ್ಲಿ ಕೂರಿಸುತ್ತಾನೆ. ಬೆಳಗ್ಗೆ ಮರವನ್ನು ಪೂಜಿಸಿ ಕೇಳಿದಾಗ, ಹೊನ್ನನ್ನು ಕೊಂಡೊಯ್ದವನು ಧರ್ಮಬುದ್ಧಿಯೆಂಬ ದನಿಯು ಹೊರಡುತ್ತದೆ.

ಇಲ್ಲಿ ದುಷ್ಟಬುದ್ಧಿಯ ಜಾಣತನವನ್ನು ನೋಡಬೇಕು. ಲಿಖಿತ, ಭುಕ್ತಿ, ಸಾಕ್ಷಿಗಳೆಂಬ ಮೂರು ಮಾನುಷಪ್ರಮಾಣಗಳಲ್ಲಿ ಒಂದಾದರೂ ಇಲ್ಲದಿದ್ದಾಗ ಮಾತ್ರ ದಿವ್ಯಪ್ರಮಾಣವೆಂದು ಸ್ಮೃತಿಯ ಕ್ರಮ. ಮಾನುಷ ಸಾಕ್ಷಿಯನ್ನು ಪ್ರಶ್ನಿಸಬಹುದು; ದೇವತೆಯನ್ನು ಪ್ರಶ್ನಿಸಲಾಗದು. ಅವನು ಮರವನ್ನು ಸಾಕ್ಷಿಯೆಂದು ಹೆಸರಿಸಿ ದೇವತೆಯೆಂದು ಪೂಜಿಸಿದನು. ಹೆಸರಿನಿಂದ ಅದು ಸಾಕ್ಷಿ, ಪೂಜೆಯಿಂದ ಪ್ರಶ್ನಾತೀತ. ಅಧಿಕಾರಿಗಳು ಈ ಬೆರಕೆಯನ್ನು ಮೊದಲೇ ಕಾಣಬೇಕಾಗಿತ್ತು. ಕಾಣದೆ ಹೋದುದು ಅವರ ಕೊರತೆ. ಆದರೆ ದನಿಯು ಹೊರಟ ಮೇಲೆ ಅವರು ತಟಕ್ಕನೆ ತೀರ್ಪನ್ನು ನುಡಿಯಲಿಲ್ಲ. ದೇವತೆಗಳು ಸುಳ್ಳಾಡಲಾರವು, ಇದು ಮನುಷ್ಯರ ಕೆಲಸವೆಂದು ನಿಶ್ಚಯಿಸಿದ ಧರ್ಮಬುದ್ಧಿಯು ಮರವನ್ನು ಸುತ್ತಿ ನೋಡುವುದಕ್ಕೂ, ಪೊಟರೆಗೆ ಹೊಗೆ ಹಾಕುವುದಕ್ಕೂ ಆ ಸಭೆಯಲ್ಲಿ ಎಡೆಯಿತ್ತು. ಹೊಗೆಗೆ ಸಿಕ್ಕಿ ಪ್ರೇಮಮತಿಯು ಹೊರಬಿದ್ದನು. ಮರವು ಮರವಾಯಿತು, ಸಾಕ್ಷಿಯು ಮನುಷ್ಯನಾದನು, ವ್ಯವಹಾರವು ಹೊಸದಾಗಿ ತನ್ನ ಕಾಲ ಮೇಲೆ ನಿಂತಿತು.

ಎರಡು ಸಭೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅಸಿದ್ಧ ವಿಚಾರಣೆಯ ತಿರುಳು ತಿಳಿಯುತ್ತದೆ. ದೋಷವು ಎರಡರಲ್ಲಿಯೂ ಇದೆ; ಬುದ್ಧಿವಂತಿಕೆಯಲ್ಲಿ ಉಜ್ಜಯಿನಿಯ ಅಧಿಕರಣಿಕನೇ ಮಿಗಿಲು. ಅವನು ಮರವನ್ನು ಮಾತನಾಡಿಸಹೋದವನಲ್ಲ. ಚಾರುದತ್ತನನ್ನು ದೂಷಿಸುವುದೆಂದರೆ ಹಿಮಾಲಯವನ್ನು ತೂಗಿದಂತೆ, ಗಾಳಿಯನ್ನು ಹಿಡಿದಂತೆ ಎಂದು ಮನಸ್ಸಿನಲ್ಲಿ ಅರಿತವನು. ಅರಿತೂ ಅವನು ವಿಚಾರಣೆಯನ್ನು ನಿಲ್ಲಿಸಲಾರದೆ ಹೋದನು. ಅರಿಯದ ಧರ್ಮಾಧಿಕರಣರು ನಿಲ್ಲಿಸಬಲ್ಲವರಾದರು. ಸಭೆಗೆ ಬೇಕಾದುದು ತಪ್ಪೇ ಮಾಡದಿರುವ ಸರ್ವಜ್ಞತ್ವವಲ್ಲ, ಕೆಟ್ಟುಹೋಗುತ್ತಿರುವ ತನ್ನ ಕೆಲಸವನ್ನು ನಡುವೆಯೇ ನಿಲ್ಲಿಸುವ ಧೈರ್ಯ.

ಆದರೆ ಪ್ರತಿಯೊಂದು ಲೋಪದಿಂದಲೂ ವಿಚಾರಣೆಯು ಅಸಿದ್ಧವಾಗುವುದೆಂದರೆ ಲೋಕದಲ್ಲಿ ಯಾವ ವಿವಾದವೂ ಮುಗಿಯದು. ಧರ್ಮದಿಂದ ನಿರ್ಣಯವಾಗಿ ದಂಡವೂ ಆದುದನ್ನು ಮತ್ತೆ ತಿರುಗಿಸಲಾಗದೆಂದು ಮನುವು ಒಂದು ಕಡೆ ಹೇಳಿ, ಅಮಾತ್ಯನಾಗಲಿ ಪ್ರಾಡ್ವಿವಾಕನಾಗಲಿ ಕಾರ್ಯವನ್ನು ಕೆಡಿಸಿದರೆ ರಾ‌ಜನು ತಾನೇ ಅದನ್ನು ಮಾಡಿ ಅವರಿಗೆ ಸಾವಿರ ಪಣ ದಂಡ ಹಾಕಬೇಕೆಂದು ಅದರ ಪಕ್ಕದಲ್ಲಿಯೇ ಹೇಳಿದನು. ಯಾಜ್ಞವಲ್ಕ್ಯನು ಕೆಟ್ಟದಾಗಿ ನೋಡಲ್ಪಟ್ಟ ವ್ಯವಹಾರವನ್ನು ಮತ್ತೆ ನೋಡಿ, ಗೆದ್ದವನನ್ನೂ ಸಭ್ಯರನ್ನೂ ಒಟ್ಟಿಗೆ ವಿವಾದದ ಎರಡರಷ್ಟು ದಂಡಿಸಬೇಕೆಂದನು. ನ್ಯಾಯವಾಗಿಯೇ ಸೋತು, ಸೋಲಲಿಲ್ಲವೆಂದು ಮತ್ತೆ ಬರುವವನನ್ನೂ ಸೋಲಿಸಿ ಇಮ್ಮಡಿ ದಂಡಿಸಬೇಕೆಂದನು.

ಇಂದಿನ ಭಾರತದ ಕಾನೂನೂ ಈ ಎರಡು ದಡಗಳ ನಡುವೆಯೇ ಹರಿಯುತ್ತದೆ. ೧೯೭೩ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಪಂಚರ ವಿಚಾರಣೆಯು ಇಲ್ಲವಾದ ಮೇಲೆ ಮಿಸ್‌ಟ್ರಯಲ್ ಎಂಬ ಮಾತಿಗೆ ಇಲ್ಲಿ ಹೆಚ್ಚು ಬಳಕೆಯಿಲ್ಲ. ವಿಚಾರಣೆಯು ದೂಷಿತವಾಯಿತೆ, ಪುನರ್ವಿಚಾರಣೆಯು ಬೇಕೆ ಎಂಬುದೇ ಪ್ರಶ್ನೆ. ೨೦೨೪ರ ಜುಲೈ ೧ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ೫೦೬ನೆಯ ಕಲಮಿನಲ್ಲಿ ನಡವಳಿಯನ್ನು ಕೆಡಿಸದ ಲೋಪಗಳನ್ನೂ, ೫೦೭ನೆಯದರಲ್ಲಿ ಕೆಡಿಸುವ ಲೋಪಗಳನ್ನೂ ಎಣಿಸುತ್ತದೆ. ಅಧಿಕಾರವಿಲ್ಲದ ಮ್ಯಾಜಿಸ್ಟ್ರೇಟನು ಸದ್ಭಾವನೆಯಿಂದ ಶೋಧನೆಯ ವಾರಂಟನ್ನು ಹೊರಡಿಸಿದರೆ ಕೆಡದು; ಅಧಿಕಾರವಿಲ್ಲದವನು ಅಪರಾಧಿಯನ್ನು ವಿಚಾರಿಸಿದರೆ ಆ ನಡವಳಿಯೇ ಶೂನ್ಯ. ಮಿಕ್ಕ ಲೋಪಗಳಿಗೆ ನ್ಯಾಯವೇ ವಿಫಲವಾಯಿತೆ ಎಂಬುದು ಒರೆಗಲ್ಲು. ಛಲವನ್ನು ತೊರೆದು ಸಂಗತಿಯನ್ನು ಹಿಡಿಯಬೇಕೆಂದ ಸ್ಮೃತಿವಾಕ್ಯದ ಆಶಯವೂ ಇದೇ.

ಕರ್ನಾಟಕದಲ್ಲಿ ಈ ಒರೆಗಲ್ಲಿಗೆ ಬಂದ ಪ್ರಸಿದ್ಧ ಪ್ರಕರಣವು ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜೆ. ಜಯಲಲಿತಾ ಅವರ ಮೇಲಣ ಅಕ್ರಮ ಆಸ್ತಿಯ ಮೊಕದ್ದಮೆ. ಚೆನ್ನೈಯಲ್ಲಿ ಮತ್ತೆ ಕರೆಯಲ್ಪಟ್ಟ ೭೬ ಸಾಕ್ಷಿಗಳಲ್ಲಿ ೬೪ ಮಂದಿ ತಮ್ಮ ಮೊದಲಿನ ಮಾತಿನಿಂದ ಹಿಂದೆಗೆದುದನ್ನು ಗಮನಿಸಿ ಸರ್ವೋಚ್ಚ ನ್ಯಾಯಾಲಯವು ೨೦೦೩ರ ನವೆಂಬರ್ ೧೮ರಂದು ಅದನ್ನು ಬೆಂಗಳೂರಿಗೆ ವರ್ಗಾಯಿಸಿತು. ವಿಶೇಷ ನ್ಯಾಯಾಲಯವು ೨೦೧೪ರ ಸೆಪ್ಟೆಂಬರ್ ೨೭ರಂದು ಶಿಕ್ಷೆಯನ್ನು ವಿಧಿಸಿತು. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ಮೇಲ್ಮನವಿಯು ನಡೆದಾಗ ಸರ್ಕಾರದ ಪರವಾಗಿ ವಾದಿಸಿದ ಭವಾನಿ ಸಿಂಗ್ ಅವರಿಗೆ ಆ ಅಧಿಕಾರವಿತ್ತೆ ಎಂಬ ಪ್ರಶ್ನೆಯು ಎದ್ದಿತು. ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಮದನ್ ಲೋಕೂರ್ ಅವರು ಮೇಲ್ಮನವಿಯನ್ನು ಹೊಸದಾಗಿ ಕೇಳಬೇಕೆಂದರು, ಬಾನುಮತಿಯವರು ಒಪ್ಪಲಿಲ್ಲ. ಮೂವರ ಪೀಠವು ೨೦೧೫ರ ಏಪ್ರಿಲ್ ೨೭ರಂದು, ನೇಮಕವು ಸಿಂಧುವಲ್ಲ, ಆದರೆ ಹೊಸ ವಿಚಾರಣೆಯೂ ಬೇಡ, ಕರ್ನಾಟಕ ಸರ್ಕಾರವು ಬರಹದ ಮೂಲಕ ತನ್ನ ವಾದವನ್ನು ಸಲ್ಲಿಸಲಿ ಎಂದು ನಿರ್ಣಯಿಸಿತು. ಮೇ ೧೧ರಂದು ಉಚ್ಚ ನ್ಯಾಯಾಲಯವು ಬಿಡುಗಡೆಯ ತೀರ್ಪನ್ನು ಕೊಟ್ಟಿತು. ೨೦೧೭ರ ಫೆಬ್ರವರಿ ೧೪ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿ ಮೊದಲಿನ ತೀರ್ಪನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ, ೨೦೧೬ರ ಡಿಸೆಂಬರ್ ೫ರಂದು, ಜಯಲಲಿತಾ ಅವರು ತೀರಿಕೊಂಡಿದ್ದರು. ಒಬ್ಬ ವಕೀಲರ ಅಧಿಕಾರದ ಲೋಪದಿಂದ ಸಭೆಯೇ ಕೆಡುವುದೆ, ಅಥವಾ ಅದು ಸಭೆಯ ಒಳಗೇ ಸರಿಪಡಿಸಬಹುದಾದ ಕೊರತೆಯೆ ಎಂಬಲ್ಲಿ ಪಂಡಿತರಾದ ನ್ಯಾಯಮೂರ್ತಿಗಳೇ ಭಿನ್ನಾಭಿಪ್ರಾಯಪಟ್ಟುದು ಈ ಗೆರೆಯು ಎಷ್ಟು ಸೂಕ್ಷ್ಮವೆಂಬುದಕ್ಕೆ ನಿದರ್ಶನ.

ಗೆರೆಯ ಆಚೆಗೆ ಬೀಳುವ ಪ್ರಕರಣಗಳೂ ಉಂಟು. ೨೦೦೨ರಲ್ಲಿ ವಡೋದರೆಯಲ್ಲಿ ನಡೆದ ಬೆಸ್ಟ್ ಬೇಕರಿ ಹತ್ಯಾಕಾಂಡದ ಮೊಕದ್ದಮೆಯಲ್ಲಿ ಮುಖ್ಯ ಸಾಕ್ಷಿಗಳು ಮಾತು ಬದಲಾಯಿಸಿ ೨೧ ಆಪಾದಿತರೂ ಬಿಡುಗಡೆಯಾದಾಗ, ಸರ್ವೋಚ್ಚ ನ್ಯಾಯಾಲಯವು ೨೦೦೪ರ ಏಪ್ರಿಲ್ ೧೨ರಂದು ಆ ವಿಚಾರಣೆಯನ್ನು ವಿಚಾರಣೆಯೆಂದು ಒಪ್ಪದೆ, ಗುಜರಾತಿನ ಹೊರಗೆ ಮಹಾರಾಷ್ಟ್ರದಲ್ಲಿ ಪುನರ್ವಿಚಾರಣೆಯನ್ನು ವಿಧಿಸಿತು. ಮಹಡಿಯ ಮೇಲೆ ಸಂಕೋಲೆಯಲ್ಲಿದ್ದ ಸ್ಥಾವರಕನನ್ನು ಬಲ್ಲ ಓದುಗರಿಗೆ ಇದು ಅಪರಿಚಿತವಾಗಿ ಕಾಣದು. ಪುನರ್ವಿಚಾರಣೆಯು ಸುಖದ ದಾರಿಯಲ್ಲ. ನಿಜವನ್ನು ಒಮ್ಮೆ ಹೇಳಿದವರು ಮತ್ತೊಮ್ಮೆ ಅದೇ ನೋವನ್ನು ತೆರೆದಿಡಬೇಕು. ನಿರ್ದೋಷಿಯು ಇನ್ನೂ ಕೆಲವು ವರ್ಷ ಆಪಾದನೆಯನ್ನು ಹೊರಬೇಕು. ಸಾಕ್ಷಿಗಳು ಮುದುಕರಾಗುವರು, ಮರೆಯುವರು, ಸಾಯುವರು. ಆದರೂ ಅಸಿದ್ಧವಾದುದನ್ನು ಸಿದ್ಧವೆಂದು ಕರೆಯುವುದಕ್ಕಿಂತ ಈ ಕಷ್ಟವೇ ಲೇಸು.

ಈ ಕಷ್ಟವನ್ನು ಕಾವ್ಯವು ಸಹಿಸಲಾರದು. ಪ್ರೇಕ್ಷಕನು ರಂಗಮಂದಿರವನ್ನು ಬಿಡುವುದಕ್ಕೆ ಮುಂಚೆ ಮುಕ್ತಾಯವು ಬೇಕು. ವ್ಯವಹಾರವು ಕೆಟ್ಟಿತು, ಮುಂದಿನ ತಿಂಗಳು ಮೊದಲಿನಿಂದ ನೋಡೋಣವೆಂದು ಹೇಳಿ ತೆರೆಯೆಳೆಯುವ ನಾಟಕವನ್ನು ಯಾರು ನೋಡಿಯಾರು? ಆದುದರಿಂದ ಶೂದ್ರಕನು ಹತ್ತನೆಯ ಅಂಕದಲ್ಲಿ ಭಿಕ್ಷುವಿನೊಡನೆ ವಸಂತಸೇನೆಯನ್ನು ವಧ್ಯಸ್ಥಾನಕ್ಕೆ ಕರೆತಂದನು; ಪಾಲಕನನ್ನು ಕೊಲ್ಲಿಸಿ ಆರ್ಯಕನನ್ನು ಸಿಂಹಾಸನಕ್ಕೇರಿಸಿದನು. ಸ್ಥಾವರಕನು ಮಹಡಿಯಿಂದ ಧುಮುಕಿ ನಿಜವನ್ನು ಕೂಗಿದಾಗಲೂ ನಂಬದ ಲೋಕವು ಸತ್ತವಳು ಎದ್ದುಬಂದಾಗ ಮಾತ್ರ ನಂಬಿತು. ಒಂದು ಕೆಟ್ಟ ವಿಚಾರಣೆಯನ್ನು ಸರಿಪಡಿಸುವುದಕ್ಕೆ ಒಂದು ರಾಜ್ಯವೇ ಕೈಬದಲಾಗಬೇಕಾಯಿತು. ಬದುಕಿನಲ್ಲಿ ವಸಂತಸೇನೆಯರು ಹೊತ್ತಿಗೆ ಸರಿಯಾಗಿ ಬರುವುದಿಲ್ಲವಾದುದರಿಂದಲೇ ಶಾಸ್ತ್ರಕಾರರು ಹಿಂದಿರುಗಿಸುವ ವಿಧಿಯನ್ನು ಕಲ್ಪಿಸಿದರು.

ನಾಟಕದ ಕೊನೆಯಲ್ಲಿ ಎಲ್ಲರ ಲೆಕ್ಕವೂ ತೀರುತ್ತದೆ. ಸ್ಥಾವರಕನಿಗೆ ದಾಸ್ಯದಿಂದ ಬಿಡುಗಡೆ, ಭಿಕ್ಷುವಿಗೆ ವಿಹಾರಗಳ ಆಧಿಪತ್ಯ, ಚಂದನಕನಿಗೆ ದಂಡಪಾಲಕನ ಪದವಿ, ಶೂಲಕ್ಕೆ ಕರೆದೊಯ್ದ ಚಂಡಾಲರಿಗೂ ಮೇಲ್ಮೆ. ಶಕಾರನಿಗೆ ಕೂಡ ಚಾರುದತ್ತನು ಕ್ಷಮೆಯನ್ನು ದಯಪಾಲಿಸುತ್ತಾನೆ. ಅಧಿಕರಣಿಕನ ಹೆಸರನ್ನು ಯಾರೂ ಎತ್ತುವುದಿಲ್ಲ. ಯಾಜ್ಞವಲ್ಕ್ಯನು ಸಭ್ಯರಿಗೆ ವಿಧಿಸಿದ ದಂಡವನ್ನು ಹೊಸ ರಾಜನು ವಸೂಲು ಮಾಡುವುದಿಲ್ಲ. ಅಳಿಸಿಹೋದ ಬರಹವನ್ನು ಮತ್ತೆ ಬರೆಯಿಸುವುದಿಲ್ಲ. ಆ ವ್ಯವಹಾರವು ಅಸಿದ್ಧವೆಂದು ಸಾರುವುದೂ ಇಲ್ಲ. ಇದು ಕವಿಯ ಮರೆವೆನ್ನುವವರು ಎನ್ನಲಿ. ಇಷ್ಟು ಜನರ ಲೆಕ್ಕವನ್ನು ಒಬ್ಬೊಬ್ಬರದಾಗಿ ತೀರಿಸಿದ ಕವಿಯು ಸಭೆಯೊಂದನ್ನೇ ಮರೆತನೆಂದು ನಂಬುವುದು ಕಷ್ಟ. ಮರುದಿನ ಬೆಳಗ್ಗೆ ಉಜ್ಜಯಿನಿಯ ಅಧಿಕರಣಮಂಟಪವನ್ನು ಶೋಧನಕನು ಎಂದಿನಂತೆ ಗುಡಿಸಿ ಆಸನಗಳನ್ನು ಜೋಡಿಸಿದ್ದಾನು. ಅದೇ ಅಧಿಕರಣಿಕನು ಬಂದು ಕುಳಿತು, ಹೊರಗೆ ಯಾರು ಕಾದಿದ್ದಾರೆಂದು ಕೇಳಿದ್ದಾನು.